ಚಾಲಕನ ಕಣ್ಣು, ಚಾಲಕನ ನಿದ್ದೆ: ಒಂದು ವೈದ್ಯಕೀಯ ನಮೂನೆಯ ಚರಿತ್ರೆ

ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೆಂದರೆ ದೇವಾಲಯ, ಅರಸುಮನೆತನ, ಯಕ್ಷಗಾನ ಅಥವಾ ಅರಬ್ಬಿ ಸಮುದ್ರದ ಹಳೆಯ ವ್ಯಾಪಾರದ ಬಗ್ಗೆ ಇರಬೇಕೆಂಬ ನಿರೀಕ್ಷೆ ಸಹಜ. ನಾನು ಈ ಸಲ ಆರಿಸಿಕೊಂಡಿರುವುದು ಒಂದೇ ಹಾಳೆಯ ಒಂದು ಸರ್ಕಾರಿ ನಮೂನೆಯನ್ನು. ಬಾಡಿಗೆ ವಾಹನ, ಬಸ್ಸು, ಲಾರಿ ಓಡಿಸುವವರು ಲೈಸೆನ್ಸ್ ಪಡೆಯುವಾಗಲೂ ನವೀಕರಿಸುವಾಗಲೂ ವೈದ್ಯರಿಂದ ಸಹಿ ಮಾಡಿಸಿ ತರಬೇಕಾದ ಪ್ರಮಾಣಪತ್ರ ಅದು. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಓದು ಮುಗಿಸಿ, ಕೆಲವು ವರ್ಷ ಪುತ್ತೂರಿನ ಕಡೆ ವೃತ್ತಿ ನಡೆಸಿ, ಆಮೇಲೆ ಮಸ್ಕತ್ತಿಗೆ ಬಂದು, ಈಗ ನಿವೃತ್ತನಾಗಿ ಅಲ್ ಖುವೈರ್‌ನಲ್ಲಿ ಮಗನ ಮನೆಯಲ್ಲಿರುವ ನನಗೆ ಈ ಹಾಳೆ ಬಹಳ ಪರಿಚಿತ. ಊರಿನಲ್ಲಿದ್ದಾಗ ವಾರಕ್ಕೆ ಎರಡು ಮೂರಾದರೂ ನನ್ನ ಮೇಜಿಗೆ ಬರುತ್ತಿದ್ದವು.

ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರೆಂದರೆ ಎಂಜಿನಿಯರುಗಳು, ಲೆಕ್ಕಿಗರು, ನರ್ಸುಗಳು, ಹೋಟೆಲಿನವರು ನೆನಪಾಗುತ್ತಾರೆ. ಸ್ಟಿಯರಿಂಗ್ ಹಿಡಿದು ಬದುಕು ಕಟ್ಟಿಕೊಂಡವರ ಸಂಖ್ಯೆಯೂ ಕಡಿಮೆಯಲ್ಲ. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನಿಂದ ಬಂದು ಇಲ್ಲಿ ಟ್ರೇಲರ್, ಪಿಕಪ್, ಕಂಪನಿ ಬಸ್ಸು ಓಡಿಸುವವರು ನಮ್ಮ ನಡುವೆಯೇ ಇದ್ದಾರೆ. ಅವರ ಅನ್ನ ಒಂದು ಕಾರ್ಡಿನ ಮೇಲೆ ನಿಂತಿದೆ. ಆ ಕಾರ್ಡನ್ನು ಕೊಡುವ ಮುನ್ನ ಕಾನೂನು ಅವರ ದೇಹವನ್ನು ಏನೇನು ಕೇಳಿದೆ, ಎಷ್ಟು ವರ್ಷಕ್ಕೊಮ್ಮೆ ಕೇಳಿದೆ, ಏನನ್ನು ಕೇಳದೆ ಬಿಟ್ಟಿದೆ ಎಂಬುದೇ ಈ ಲೇಖನದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾನೂನು ಚಾಲಕನ ಕಣ್ಣನ್ನು ಬಹಳ ಹಿಂದೆಯೇ ಪರೀಕ್ಷಿಸತೊಡಗಿತು, ಅವನ ನಿದ್ದೆಯನ್ನು ನಮ್ಮ ನಾಡಿನಲ್ಲಿ ಇಂದಿಗೂ ಕೇಳುತ್ತಿಲ್ಲ. ಈಚಿನ ವರ್ಷಗಳಲ್ಲಿ ವೈದ್ಯ ಮತ್ತು ಚಾಲಕರ ಭೇಟಿಯೇ ಅಪರೂಪವಾಗುತ್ತಿದೆ.

ಲೈಸೆನ್ಸಿನ ಆರಂಭ

ಮೋಟಾರು ಓಡಿಸಲು ಯೋಗ್ಯತಾಪತ್ರ ಬೇಕೆಂಬ ನಿಯಮ ಬಂದದ್ದು ಪ್ಯಾರಿಸ್ ನಗರದಲ್ಲಿ, 1893ರ ಪೊಲೀಸ್ ಆಜ್ಞೆಯ ಮೂಲಕ. ಬ್ರಿಟನ್ನಿನಲ್ಲಿ 1903ರ ಮೋಟಾರ್ ಕಾರ್ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಿತು. ಅದಕ್ಕೆ ಪರೀಕ್ಷೆ ಇರಲಿಲ್ಲ. ಐದು ಶಿಲ್ಲಿಂಗ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು. ಓಡಿಸಿ ತೋರಿಸಬೇಕೆಂಬ ಕಡ್ಡಾಯ ಬಂದದ್ದು 1935ರಲ್ಲಿ. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೈಸೆನ್ಸ್ ಎಂಬುದು ಚಾಲಕ ಯಾರೆಂದು ಗುರುತಿಸುವ ಚೀಟಿಯಾಗಿತ್ತೇ ಹೊರತು ಅವನ ಸಾಮರ್ಥ್ಯದ ಸಾಕ್ಷಿಯಾಗಿರಲಿಲ್ಲ.

ಭಾರತದಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆಲ್ಲ ಅನ್ವಯಿಸುವ ಮೊದಲ ಮೋಟಾರು ಕಾಯ್ದೆ 1914ರದ್ದು. ಹದಿನೆಂಟು ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ಓಡಿಸಬಾರದು, ಲೈಸೆನ್ಸ್ ಇಲ್ಲದೆ ಯಾರೂ ಓಡಿಸಬಾರದು ಎಂದು ಅದು ಹೇಳಿತು. ಉಳಿದ ವಿವರಗಳನ್ನು ಪ್ರಾಂತ ಸರ್ಕಾರಗಳ ನಿಯಮಗಳಿಗೆ ಬಿಟ್ಟಿತು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ ಮತ್ತು ಕಾಸರಗೋಡನ್ನೂ ಒಳಗೊಂಡ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿದ್ದವು. ಕಲಬುರ್ಗಿ, ರಾಯಚೂರು, ಬೀದರ್ ನಿಜಾಮರ ಕೈಯಲ್ಲಿದ್ದವು. ಮೈಸೂರು ಸಂಸ್ಥಾನಕ್ಕೆ ಅದರದೇ ಆದ ಕಾನೂನು. ಕೊಡಗು ಬೇರೆಯೇ ಒಂದು ಪ್ರಾಂತ. ಹೀಗಾಗಿ ಸುಳ್ಯದಿಂದ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಗಾಡಿ ಒಯ್ಯುವ ಕನ್ನಡಿಗ ಚಾಲಕ ಒಂದೇ ದಿನದಲ್ಲಿ ಮೂರು ಆಡಳಿತಗಳ ರಸ್ತೆಯಲ್ಲಿ ಓಡಬೇಕಾಗುತ್ತಿತ್ತು.

1939: ಸಂಬಳದ ಚಾಲಕನಿಗೆ ವೈದ್ಯರ ಸಹಿ

ಇಂದಿನ ನಿಯಮಗಳ ಬೇರು ಇರುವುದು 1939ರ ಮೋಟಾರು ವಾಹನಗಳ ಕಾಯ್ದೆಯಲ್ಲಿ. ಸ್ವಂತ ಕಾರು ಓಡಿಸುವವನನ್ನೂ, ಸಂಬಳಕ್ಕೆ ಓಡಿಸುವವನನ್ನೂ ಅದು ಸ್ಪಷ್ಟವಾಗಿ ಬೇರ್ಪಡಿಸಿತು. ಕೂಲಿಗೆ ವಾಹನ ಓಡಿಸಬೇಕಾದರೆ, ಅಥವಾ ಸಾರಿಗೆ ವಾಹನ ಓಡಿಸಬೇಕಾದರೆ, ಲೈಸೆನ್ಸಿನಲ್ಲಿ ಹಾಗೆಂದು ಪ್ರತ್ಯೇಕವಾಗಿ ಬರೆದಿರಬೇಕು. ಸಾರಿಗೆ ವಾಹನಕ್ಕೆ ವಯಸ್ಸು ಇಪ್ಪತ್ತು ತುಂಬಿರಬೇಕು. ನೋಂದಾಯಿತ ವೈದ್ಯರು ಸಹಿ ಮಾಡಿದ ‘ನಮೂನೆ ಸಿ’ ಎಂಬ ಪ್ರಮಾಣಪತ್ರವೂ ಬೇಕು. ನಮ್ಮ ಹಾಳೆಯ ಹುಟ್ಟು ಅಲ್ಲಿ.

ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಲೈಸೆನ್ಸ್ ಕೊಡಲೇಬಾರದಾದ ಕಾಯಿಲೆಗಳ ಪಟ್ಟಿ ಇತ್ತು. ಮೂರ್ಛೆರೋಗ, ಬುದ್ಧಿಭ್ರಮಣೆ, ಇದ್ದಕ್ಕಿದ್ದಂತೆ ತಲೆಸುತ್ತು ಅಥವಾ ಪ್ರಜ್ಞೆ ತಪ್ಪುವುದನ್ನು ತರಬಲ್ಲ ಹೃದಯದ ಕಾಯಿಲೆ, ಸಾಮಾನ್ಯ ಶಬ್ದಸೂಚನೆ ಕೇಳಿಸದಷ್ಟು ಕಿವುಡು, ಕೆಂಪು ಹಸಿರು ಬಣ್ಣಗಳ ಭೇದ ತಿಳಿಯದಿರುವುದು, ಇರುಳುಗುರುಡು. ಕಣ್ಣಿಗೆ ಇನ್ನೊಂದು ಪರೀಕ್ಷೆಯೂ ಇತ್ತು. ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಹಾಕಿಕೊಂಡು, 25 ಗಜ ದೂರದಿಂದ ಕಪ್ಪು ಹಲಗೆಯ ಮೇಲೆ ಬಿಳಿಯಲ್ಲಿ ಬರೆದ ಏಳು ಅಕ್ಷರ ಮತ್ತು ಅಂಕಿಗಳನ್ನು ಓದಬೇಕು. ಗಾತ್ರ ಮತ್ತು ಜೋಡಣೆ ಗಾಡಿಯ ನಂಬರ್ ಪ್ಲೇಟಿನಂತೆಯೇ ಇರಬೇಕು.

ವೈದ್ಯನ ಕಣ್ಣಿನಿಂದ ನೋಡಿದರೆ ಆ ಕಾಲಕ್ಕೆ ಇದು ಒಳ್ಳೆಯ ಪಟ್ಟಿ. ಸಣ್ಣ ಊರಿನ ವೈದ್ಯರಲ್ಲೂ ಇದಕ್ಕೆ ಬೇಕಾದ ಸಾಧನಗಳಿದ್ದವು. ಒಂದು ನಂಬರ್ ಪ್ಲೇಟು, ಒಂದು ಸ್ಟೆಥಾಸ್ಕೋಪು, ಕೆಂಪು ಹಸಿರು ಉಣ್ಣೆಯ ಎಳೆಗಳು ಸಾಕಾಗಿದ್ದವು. ಪಟ್ಟಿಯ ಹಿಂದಿದ್ದ ತರ್ಕವೂ ಸರಿ. ಚಾಲಕ ಎಚ್ಚರದಲ್ಲಿರಬೇಕು, ನೋಡಬೇಕು, ಕೇಳಬೇಕು. ಎಚ್ಚರ ತಪ್ಪಿಸುವ ಕಾರಣಗಳೆಂದು ಆಗ ತಿಳಿದಿದ್ದವು ಮೂರ್ಛೆ ಮತ್ತು ಹೃದಯ. ಸಕ್ಕರೆ ಕಾಯಿಲೆಯ ಹೆಸರು ಪಟ್ಟಿಯಲ್ಲಿರಲಿಲ್ಲ. ಇನ್ಸುಲಿನ್ನನ್ನು ಮೊದಲ ಬಾರಿಗೆ ರೋಗಿಗೆ ಕೊಟ್ಟದ್ದೇ 1922ರಲ್ಲಿ. ಅದನ್ನು ಚುಚ್ಚಿಕೊಂಡು ಲಾರಿ ಓಡಿಸುವವನೊಬ್ಬ ಬರುತ್ತಾನೆಂದು ಕಾಯ್ದೆ ಬರೆದವರು ಊಹಿಸಿರಲಾರರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯನ್ನು ವೈದ್ಯಶಾಸ್ತ್ರ ಸರಿಯಾಗಿ ಗುರುತಿಸಿದ್ದು 1965ರಲ್ಲಿ. ಹಾಗಾಗಿ 1939ರ ಪಟ್ಟಿಯಲ್ಲಿ ಅದಿಲ್ಲವೆಂದು ದೂರುವಂತಿಲ್ಲ. ಪಟ್ಟಿ ಆಮೇಲೂ ಏಕೆ ಬೆಳೆಯಲಿಲ್ಲ ಎಂಬುದೇ ನನ್ನ ಪ್ರಶ್ನೆ.

ಎರಡು ಕಚೇರಿ, ಎರಡು ಕಾಗದ

ಸ್ವಾತಂತ್ರ್ಯದ ನಂತರ ಬಸ್ಸು ಓಡಿಸುವುದು ಸರ್ಕಾರಿ ನೌಕರಿಯೂ ಆಯಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು. ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು ಮುಂದುವರಿಯಿತು. ಎರಡು ಕಡೆಯ ಚಾಲಕರಿಗೂ ಲೈಸೆನ್ಸಿನ ನಿಯಮ ಒಂದೇ.

ಅದೇ 1961ರಲ್ಲಿ ಸಂಸತ್ತು ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯನ್ನು ಮಾಡಿತು. ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಿಗೆ ಅದು ಅನ್ವಯವಾಗುತ್ತಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗಗಳಲ್ಲಿ ಅನುಮತಿಯ ಮೇರೆಗೆ ದಿನಕ್ಕೆ 10, ವಾರಕ್ಕೆ 54ರವರೆಗೆ. ಐದು ಗಂಟೆ ಓಡಿಸುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಮುಂದೆ 1988ರ ಮೋಟಾರು ವಾಹನಗಳ ಕಾಯ್ದೆಯ 91ನೆಯ ಕಲಂ ಸಾರಿಗೆ ವಾಹನ ನಡೆಸುವವರಿಗೆಲ್ಲ ಇದೇ ಗಂಟೆಗಳನ್ನು ಅನ್ವಯಿಸಿತು.

ಹೀಗೆ ಚಾಲಕನ ಆಯಾಸದ ವಿಚಾರ ಕಾನೂನಿಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ವಿಚಾರ ಹೋಗಿ ಸೇರಿದ್ದು ಕಾರ್ಮಿಕ ಇಲಾಖೆಯ ರಿಜಿಸ್ಟರಿಗೆ. ಕಣ್ಣು, ಕಿವಿ, ಹೃದಯದ ವಿಚಾರ ಉಳಿದದ್ದು ಆರ್‌ಟಿಒ ಕಚೇರಿಯ ಕಡತದಲ್ಲಿ. ಎಷ್ಟು ಗಂಟೆ ದುಡಿದ ಎಂದು ನೋಡುವವರು ಅವನ ಆರೋಗ್ಯ ನೋಡುವುದಿಲ್ಲ. ಆರೋಗ್ಯ ನೋಡುವ ವೈದ್ಯನಿಗೆ ಅವನು ನಿನ್ನೆ ರಾತ್ರಿ ಎಲ್ಲಿ ಮಲಗಿದ್ದ ಎಂದು ಕೇಳುವ ಕಾಲಂ ಇಲ್ಲ. ಈ ಎರಡು ಕಾಗದಗಳು ಇಂದಿಗೂ ಒಂದನ್ನೊಂದು ಭೇಟಿಯಾಗಿಲ್ಲ.

1989: ಗಜ ಹೋಗಿ ಮೀಟರ್ ಬಂತು

1939ರ ಕಾಯ್ದೆ ಐವತ್ತು ವರ್ಷ ಬಾಳಿತು. ಹೊಸ ಕಾಯ್ದೆ 1988ರಲ್ಲಿ ಅಂಗೀಕಾರವಾಗಿ 1989ರ ಜುಲೈ 1ರಂದು ಜಾರಿಗೆ ಬಂತು. ನಾನಾಗ ಊರಿನಲ್ಲೇ ವೃತ್ತಿಯಲ್ಲಿದ್ದೆ. ‘ನಮೂನೆ ಸಿ’ ಹೋಗಿ ಕೇಂದ್ರ ಮೋಟಾರು ವಾಹನ ನಿಯಮಗಳ ‘ನಮೂನೆ 1ಎ’ ಬಂತು. ಹೊಸ ಹಾಳೆಯನ್ನು ಕುತೂಹಲದಿಂದ ಓದಿದೆ. 25 ಗಜ ಇದ್ದದ್ದು 25 ಮೀಟರ್ ಆಗಿತ್ತು. ಮೂರ್ಛೆ, ತಲೆಸುತ್ತು, ಮಾನಸಿಕ ಕಾಯಿಲೆ, ಹೃದಯ ಮತ್ತು ಶ್ವಾಸಕೋಶದ ತೊಂದರೆ, ಬಣ್ಣದ ಭೇದ, ಇರುಳುಗುರುಡು, ಕಿವುಡು, ಅಂಗವೈಕಲ್ಯ ಎಲ್ಲ ಹಾಗೆಯೇ ಇದ್ದವು. ರಕ್ತದ ಗುಂಪನ್ನು ಬರೆಯಲು ಜಾಗವಿತ್ತು, ಅದು ಐಚ್ಛಿಕ. ಸಕ್ಕರೆ ಕಾಯಿಲೆಯ ಹೆಸರಿಲ್ಲ, ನಿದ್ದೆಯ ಹೆಸರೂ ಇಲ್ಲ. ಆ ಹೊತ್ತಿಗೆ ಸ್ಲೀಪ್ ಆಪ್ನಿಯಾಕ್ಕೆ ಚಿಕಿತ್ಸೆಯೂ ಸಿಕ್ಕಿತ್ತು. ಮೂಗಿನ ಮೂಲಕ ಒತ್ತಡದ ಗಾಳಿ ಊದುವ ಸಿಪ್ಯಾಪ್ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲೇ ಪ್ರಕಟಿಸಿದ್ದರು.

ಹೊಸ ಕಾಯ್ದೆಯ ಮುಖ್ಯ ನಿಯಮಗಳು ಹೀಗಿದ್ದವು. ಸಾರಿಗೆ ವಾಹನಕ್ಕೆ ಎಲ್‌ಎಲ್‌ಆರ್ ಪಡೆಯುವ ಮೊದಲು ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸ್ ಇರಬೇಕು. ವಯಸ್ಸು 20 ತುಂಬಿರಬೇಕು. ಸಾರಿಗೆ ಲೈಸೆನ್ಸಿನ ಅವಧಿ 3 ವರ್ಷ; ಸ್ಫೋಟಕ, ರಾಸಾಯನಿಕ, ಇಂಧನದಂಥ ಅಪಾಯಕಾರಿ ಸರಕು ಸಾಗಿಸುವವರಿಗೆ 1 ವರ್ಷ, ಜೊತೆಗೆ ತರಬೇತಿ. ಪ್ರತಿ ನವೀಕರಣಕ್ಕೂ ವೈದ್ಯರ ಪ್ರಮಾಣಪತ್ರ. 1994ರ ತಿದ್ದುಪಡಿಯಲ್ಲಿ ಮಧ್ಯಮ ಮತ್ತು ಭಾರಿ ಸರಕು ವಾಹನ, ಮಧ್ಯಮ ಮತ್ತು ಭಾರಿ ಪ್ರಯಾಣಿಕ ವಾಹನ ಎಂಬ ನಾಲ್ಕು ವರ್ಗಗಳು ‘ಸಾರಿಗೆ ವಾಹನ’ ಎಂಬ ಒಂದೇ ಹೆಸರಿನಡಿ ಬಂದವು. 2007ರಲ್ಲಿ ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತು ಸೇರಿತು. ಓದಿಲ್ಲದಿದ್ದರೂ ಕೈಚಳಕವಿದ್ದ ಎಷ್ಟೋ ಹುಡುಗರನ್ನು ಆ ಷರತ್ತು ಹೊರಗಿಟ್ಟಿತು. 2019ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದುಹಾಕಲಾಯಿತು.

‘ಡಾಕ್ಟ್ರೇ, ಒಂದು ಸಹಿ ಹಾಕಿ ಕೊಡಿ, ಆರ್‌ಟಿಒ ಬಾಗಿಲು ಹಾಕುವುದರೊಳಗೆ ಹೋಗಬೇಕು’ ಎಂದು ಅವಸರದಲ್ಲಿ ಬರುತ್ತಿದ್ದ ಚಾಲಕರನ್ನು ನಾನು ಹತ್ತು ನಿಮಿಷವಾದರೂ ಕೂರಿಸಿಕೊಳ್ಳುತ್ತಿದ್ದೆ. ಮೂರು ವರ್ಷಕ್ಕೊಮ್ಮೆಯಾದರೂ ಅವರು ವೈದ್ಯರ ಎದುರು ಕೂರುವ ಸಂದರ್ಭ ಅದೊಂದೇ. ಎಷ್ಟೋ ಜನರಿಗೆ ರಕ್ತದೊತ್ತಡ ಇರುವುದು ಗೊತ್ತಾದದ್ದು ಆ ಹತ್ತು ನಿಮಿಷದಲ್ಲಿ. ನಮೂನೆ ಅದನ್ನು ಕೇಳಿರಲಿಲ್ಲ. ಆದರೆ ನಮೂನೆ ಇಲ್ಲದಿದ್ದರೆ ಅವರು ಬರುತ್ತಲೇ ಇರಲಿಲ್ಲ.

ಒಮಾನಿನ ರಸ್ತೆಗೆ ಬಂದಾಗ

ಊರಿನ ಲೈಸೆನ್ಸ್ ಹಿಡಿದು ಕೊಲ್ಲಿಗೆ ಬಂದ ಚಾಲಕನಿಗೆ ಇಲ್ಲಿ ಎದುರಾದದ್ದು ಬೇರೆಯದೇ ಚರಿತ್ರೆ. ಸುಲ್ತಾನ್ ಖಾಬೂಸ್ ಅವರು 1970ರ ಜುಲೈ 23ರಂದು ಅಧಿಕಾರಕ್ಕೆ ಬಂದಾಗ ಒಮಾನಿನಲ್ಲಿ ಡಾಂಬರು ಹಾಕಿದ ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್ ಮಾತ್ರ. ನಮ್ಮಲ್ಲಿ ಲೈಸೆನ್ಸಿನ ಕಾನೂನಿಗೆ ಆಗಲೇ ಅರ್ಧ ಶತಮಾನ ಕಳೆದಿತ್ತು. ಇಲ್ಲಿ ರಸ್ತೆ, ವಾಹನ, ಪೊಲೀಸ್ ವ್ಯವಸ್ಥೆ, ಲೈಸೆನ್ಸ್ ಎಲ್ಲವೂ ಒಂದೇ ಪೀಳಿಗೆಯಲ್ಲಿ ಒಟ್ಟಿಗೆ ಬೆಳೆದವು. 1972ರಲ್ಲಿ ರಾಷ್ಟ್ರೀಯ ಸಾರಿಗೆ ಕಂಪನಿ ಹುಟ್ಟಿತು. 2015ರಲ್ಲಿ ಅದಕ್ಕೆ ‘ಮುವಾಸಲಾತ್’ ಎಂಬ ಹೆಸರು ಬಂತು. ಲೈಸೆನ್ಸ್ ಕೊಡುವ ಹೊಣೆ ಇಲ್ಲಿ ರಾಯಲ್ ಒಮಾನ್ ಪೊಲೀಸರದು. ಸಂಚಾರ ಕಾನೂನಿನ ಆಧಾರ 1993ರ 28ನೆಯ ರಾಜಾಜ್ಞೆ; 2016ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು.

ಭಾರತದ ಲೈಸೆನ್ಸನ್ನು ತೋರಿಸಿ ಒಮಾನಿನದನ್ನು ಬದಲಿಗೆ ಪಡೆಯುವಂತಿರಲಿಲ್ಲ. ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಇಳಿಸಿದವನೂ ಇಲ್ಲಿ ಮತ್ತೆ ಕಲಿಯುವವನೇ. ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಎಡಬದಿಯ ಸಂಚಾರ, ಇಲ್ಲಿ ಬಲಬದಿಯದು. ಕೈಕಾಲು, ಕನ್ನಡಿ, ತಿರುವಿನ ಲೆಕ್ಕ ಎಲ್ಲವೂ ತಿರುಗುಮುರುಗು. ಕಣ್ಣಿನ ಪರೀಕ್ಷೆ ಮುಗಿಸಿ, ಒಮಾನಿ ಶಿಕ್ಷಕರ ಬಳಿ ಕಲಿತು, ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆದು ನಿಲ್ಲಿಸುವ ‘ಡ್ರಮ್ ಟೆಸ್ಟ್’, ಏರಿನಲ್ಲಿ ಹಿಂದೆ ಜಾರದಂತೆ ಎತ್ತುವ ‘ಸ್ಲೋಪ್’, ಕೊನೆಗೆ ‘ರೋಡ್ ಟೆಸ್ಟ್’. ಎಷ್ಟನೆಯ ಸಲಕ್ಕೆ ರೋಡ್ ಪಾಸಾಯಿತು ಎಂಬುದು ಮಸ್ಕತ್ತಿನ ಪ್ರತಿ ಭಾರತೀಯ ಮನೆಯಲ್ಲೂ ಹೇಳುವ ಕತೆ. ಹಗುರ ವಾಹನ, ಭಾರಿ ವಾಹನಗಳಿಗೆ ಬೇರೆ ಬೇರೆ ಲೈಸೆನ್ಸ್. ಟ್ಯಾಕ್ಸಿಯ ವೃತ್ತಿ ಒಮಾನಿಗಳಿಗೇ ಮೀಸಲು. ಹಾಗಾಗಿ ನಮ್ಮವರು ಸೇರಿಕೊಂಡದ್ದು ಕಂಪನಿಯ ಪಿಕಪ್, ಕಾರ್ಮಿಕರ ಬಸ್ಸು, ಟಿಪ್ಪರ್, ಟ್ರೇಲರ್‌ಗಳಿಗೆ. ಸಂಜೆ ಅಲ್ ಖುವೈರ್‌ನ ಸರ್ವಿಸ್ ರಸ್ತೆಯಲ್ಲಿ ನಡೆಯುವಾಗ ಕೆಂಪು ನಂಬರ್ ಪ್ಲೇಟಿನ ವಾಣಿಜ್ಯ ವಾಹನಗಳನ್ನು ನೋಡಿದರೆ ಓಡಿಸುವವರಲ್ಲಿ ಒಂದಿಬ್ಬರಾದರೂ ತುಳು, ಕನ್ನಡ, ಬ್ಯಾರಿ ಅಥವಾ ನವಾಯತಿ ಮಾತಾಡುವವರು ಸಿಗುತ್ತಾರೆ.

ಬಹಳ ಕಾಲ ಇಲ್ಲಿನ ಲೈಸೆನ್ಸಿನ ಅವಧಿ 10 ವರ್ಷ. 2018ರಲ್ಲಿ ವಿದೇಶಿಯರಿಗೆ ಅದನ್ನು 2 ವರ್ಷಕ್ಕೆ ಇಳಿಸಲಾಯಿತು. ಹೊಸದಾಗಿ ಪಡೆದವರಿಗೆ ಮೊದಲ ಒಂದು ವರ್ಷ ತಾತ್ಕಾಲಿಕ ಲೈಸೆನ್ಸ್, ತಪ್ಪುಗಳಿಗೆ ಕಪ್ಪು ಅಂಕ. ಅನೇಕರು ಇದನ್ನು ಖರ್ಚಿನ ಬಾಬ್ತೆಂದು ಗೊಣಗಿದರು. ವೈದ್ಯನಾಗಿ ನನಗೆ ಅದರಲ್ಲಿ ಒಂದು ಒಳ್ಳೆಯದು ಕಂಡಿತು: ನವೀಕರಣಕ್ಕೆಂದು ಕಣ್ಣನ್ನು ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕಾಯಿತು. ಪೊರೆ ಬೆಳೆಯಲು, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾಗಲು ಹತ್ತು ವರ್ಷ ಬೇಕಾಗುವುದಿಲ್ಲ.

ಒಮಾನಿನಲ್ಲಿ ಸರ್ಕಾರದ ಕಾಗದಕ್ಕಿಂತ ಮುಂದೆ ಹೋದದ್ದು ತೈಲ ಕ್ಷೇತ್ರ. ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್ ಕಂಪನಿಯ ಕೆಲಸಕ್ಕೆ ಮರುಭೂಮಿಗೆ ಗಾಡಿ ಒಯ್ಯುವವರಿಗೆ ಪೊಲೀಸರ ಲೈಸೆನ್ಸ್ ಒಂದೇ ಸಾಲದು. ಡಿಫೆನ್ಸಿವ್ ಡ್ರೈವಿಂಗ್ ತರಬೇತಿ ಬೇಕು. ಹೊರಡುವ ಮೊದಲು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂಬ ಪ್ರಯಾಣದ ಯೋಜನೆ ಬರೆದುಕೊಡಬೇಕು. ಗಾಡಿಯೊಳಗೆ ವೇಗ, ಬ್ರೇಕುಗಳನ್ನು ದಾಖಲಿಸುವ ಯಂತ್ರವಿರುತ್ತದೆ. ಮೇಲೆ ಹೇಳಿದ ಎರಡು ಕಾಗದಗಳು, ಅಂದರೆ ಚಾಲಕನ ಯೋಗ್ಯತೆ ಮತ್ತು ಅವನ ವಿಶ್ರಾಂತಿ, ಒಂದೇ ಕೈಯಲ್ಲಿ ಸೇರಿದ್ದನ್ನು ನಾನು ನೋಡಿದ್ದು ಅಲ್ಲಿ.

ಕೇಳದ ಪ್ರಶ್ನೆ

ಮಸ್ಕತ್ತಿನಿಂದ ಸಲಾಲಕ್ಕೆ ಸುಮಾರು 1,000 ಕಿಲೋಮೀಟರ್. ಆದಮ್ ದಾಟಿದ ಮೇಲೆ ಹೈಮಾ, ಅಲ್ಲಿಂದ ಥುಮ್ರೈತ್‌ವರೆಗೆ ನೇರ ರಸ್ತೆ, ಎರಡೂ ಕಡೆ ಬಯಲು. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಈ ದಾರಿಯಲ್ಲಿ ಟ್ರೇಲರ್ ಓಡಿಸುತ್ತಿದ್ದ, ಕುಂದಾಪುರದ ಕಡೆಯ ನಲವತ್ತೈದರ ಆಸುಪಾಸಿನ ಒಬ್ಬರು ನನ್ನ ಬಳಿ ತಲೆನೋವೆಂದು ಬಂದಿದ್ದರು. ಹೊರಗೆ ಕುರ್ಚಿಯಲ್ಲಿ ಸರದಿ ಕಾಯುತ್ತ ಗೊರಕೆ ಹೊಡೆಯುತ್ತಿದ್ದರು. ಕ್ಯಾಂಪಿನ ಕೋಣೆಯಲ್ಲಿ ಜೊತೆಗಾರರು ಇವರ ಗೊರಕೆಗೆ ಹೆದರಿ ಹಾಸಿಗೆ ಬದಲಿಸಿಕೊಂಡಿದ್ದರಂತೆ. ಗಿಡ್ಡ ಕತ್ತು, ಏರಿದ ತೂಕ, ರಕ್ತದೊತ್ತಡ, ಸಕ್ಕರೆ. ಕಣ್ಣು ಮಾತ್ರ ಹದ್ದಿನದು. ಭಾರತದ ನಮೂನೆ 1ಎ ಆಗಲಿ, ಕಣ್ಣಿನ ಪರೀಕ್ಷೆಯಾಗಲಿ ಅವರನ್ನು ತಡೆಯುತ್ತಿರಲಿಲ್ಲ.

ನಾನು ನಿದ್ದೆಯ ಬಗ್ಗೆ ಕೇಳಿದಾಗ ಮೊದಲು ನಕ್ಕರು. ಆಮೇಲೆ, ‘ಡಾಕ್ಟ್ರೇ, ಕಂಪನಿಗೆ ಮಾತ್ರ ಹೇಳ್ಬೇಡಿ’ ಎಂದರು. ಊರಿನಲ್ಲಿ ಮನೆಯ ಸಾಲ, ಮಗಳ ಓದು. ಕಾಯಿಲೆಯ ಹೆಸರು ಕಾಗದದ ಮೇಲೆ ಬಂದರೆ ಟಿಕೆಟ್ ಕೊಟ್ಟು ಕಳಿಸುತ್ತಾರೆಂಬ ಭಯ. ಆ ಭಯಕ್ಕೆ ಆಧಾರವಿರಲಿಲ್ಲವೆಂದು ನಾನು ಹೇಳಲಾರೆ. ಒಂದು ವರ್ಷದಲ್ಲಿ ತೂಕ ಇಳಿಸಿದರು, ಸಕ್ಕರೆ ಹತೋಟಿಗೆ ಬಂತು. ರಾತ್ರಿಯ ಟ್ರಿಪ್ ಬಿಟ್ಟು ಹಗಲಿನದನ್ನು ಅವರೇ ಕೇಳಿ ಪಡೆದರು. ಹೈಮಾದಲ್ಲಿ ನಿಲ್ಲಿಸಿ ಮಲಗುವ ಅಭ್ಯಾಸ ಮಾಡಿಕೊಂಡರು. ಕೆಲಸ ಉಳಿಯಿತು. ಆಮೇಲೆ ತಾವಾಗಿಯೇ ಊರಿಗೆ ಮರಳಿದರು.

ಚಾಲಕರು ಕಾಯಿಲೆ ಮುಚ್ಚಿಡುವುದು ಉಡಾಫೆಯಿಂದಲ್ಲ. ಹೇಳಿದರೆ ಅನ್ನ ಹೋಗುತ್ತದೆಂಬ ಕಾನೂನಿದ್ದರೆ ಯಾರೂ ಹೇಳುವುದಿಲ್ಲ. 1939ರ ಪಟ್ಟಿಯ ಸ್ವಭಾವ ಅದೇ: ಕಾಯಿಲೆ ಇದೆಯೋ, ಲೈಸೆನ್ಸ್ ಇಲ್ಲ. ಇದನ್ನು ಬೇರೆ ರೀತಿಯಲ್ಲಿ ಮಾಡಬಹುದೆಂದು ಯುರೋಪು ತೋರಿಸಿದೆ. ಐರೋಪ್ಯ ಒಕ್ಕೂಟದ 2014ರ ನಿರ್ದೇಶನವೊಂದು ಸ್ಲೀಪ್ ಆಪ್ನಿಯಾವನ್ನು ಲೈಸೆನ್ಸಿನ ವೈದ್ಯಕೀಯ ನಿಯಮಗಳಿಗೆ ಸೇರಿಸಿತು. ಕಾಯಿಲೆಯ ಅನುಮಾನವಿದ್ದರೆ ತಜ್ಞರ ಸಲಹೆ ಬೇಕು. ಚಿಕಿತ್ಸೆ ಪಡೆದು, ಹಗಲಿನ ತೂಕಡಿಕೆ ಕಡಿಮೆಯಾಗಿದೆಯೆಂದು ತೋರಿಸಿದರೆ ಲೈಸೆನ್ಸ್ ಮುಂದುವರಿಯುತ್ತದೆ. ಲಾರಿ, ಬಸ್ಸು ಚಾಲಕರಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆ. ಅಮೆರಿಕದಲ್ಲಿ 1986ರ ಕಾಯ್ದೆ ಬರುವವರೆಗೆ ಹಲವು ರಾಜ್ಯಗಳಲ್ಲಿ ಕಾರಿನ ಲೈಸೆನ್ಸಿನಲ್ಲೇ ದೊಡ್ಡ ಟ್ರಕ್ ಓಡಿಸಬಹುದಾಗಿತ್ತು. ಇಂದು ಅಲ್ಲಿ ಅಂತರರಾಜ್ಯ ವಾಣಿಜ್ಯ ಚಾಲಕರ ವೈದ್ಯಕೀಯ ಪ್ರಮಾಣಪತ್ರದ ಗರಿಷ್ಠ ಅವಧಿ 2 ವರ್ಷ.

ಭಾರತದಲ್ಲೂ ನಿಯಮಗಳು ಮೃದುವಾದ ಉದಾಹರಣೆ ಇದೆ. 2020ರಲ್ಲಿ ನಮೂನೆಗಳನ್ನು ತಿದ್ದಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಲೈಸೆನ್ಸ್ ಸಿಗುವಂತೆ ಮಾಡಲಾಯಿತು. ಹೊಸ ತಿಳಿವಳಿಕೆಗೆ ತಕ್ಕಂತೆ ಹಳೆಯ ಸಾಲನ್ನು ಬದಲಿಸಬಹುದಾದರೆ, ಬೇಕಾದ ಹೊಸ ಸಾಲನ್ನೂ ಸೇರಿಸಬಹುದಲ್ಲವೆ?

ದೂರವಾಗುತ್ತಿರುವ ವೈದ್ಯ

ಆದರೆ ಒಟ್ಟಾರೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2019ರ ತಿದ್ದುಪಡಿ ಸಾರಿಗೆ ಲೈಸೆನ್ಸಿನ ಅವಧಿಯನ್ನು 3ರಿಂದ 5 ವರ್ಷಕ್ಕೆ, ಅಪಾಯಕಾರಿ ಸರಕಿನದನ್ನು 1ರಿಂದ 3 ವರ್ಷಕ್ಕೆ ಏರಿಸಿತು. ಕಚೇರಿಗಳಿಗೆ ಅಲೆಯುವ ಕಷ್ಟ ಕಡಿಮೆಯಾಯಿತು, ನಿಜ. ಜೊತೆಗೆ ನಾನು ಹೇಳಿದ ಆ ಹತ್ತು ನಿಮಿಷವೂ ಐದು ವರ್ಷಕ್ಕೊಮ್ಮೆ ಆಯಿತು.

ಇನ್ನೊಂದು ಬದಲಾವಣೆ ನ್ಯಾಯಾಲಯದಿಂದ ಬಂತು. ಲಘು ವಾಹನದ ಲೈಸೆನ್ಸ್ ಇರುವವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು, ಪ್ರತ್ಯೇಕ ನಮೂದು ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ‘ಬ್ಯಾಡ್ಜ್ ಇಲ್ಲ’ ಎಂಬ ಕಾರಣಕ್ಕೆ ಅಪಘಾತದ ಪರಿಹಾರ ನಿರಾಕರಿಸುತ್ತಿದ್ದ ವಿಮಾ ಕಂಪನಿಗಳ ವಾದಕ್ಕೆ ತೆರೆ ಬಿತ್ತು. ಆಟೋ, ಟ್ಯಾಕ್ಸಿ, ಸಣ್ಣ ಟೆಂಪೊ ಓಡಿಸುವ ಲಕ್ಷಾಂತರ ಜನರಿಗೆ ಅದು ನ್ಯಾಯವೇ. ಆದರೆ ವೈದ್ಯನಿಗೆ ಕಾಣುವ ಇನ್ನೊಂದು ಮುಖವಿದೆ. ಖಾಸಗಿ ಲೈಸೆನ್ಸ್‌ಗೆ ನಲವತ್ತು ವರ್ಷದೊಳಗಿನವರು ವೈದ್ಯರ ಪ್ರಮಾಣಪತ್ರ ಕೊಡಬೇಕಾಗಿಲ್ಲ, ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದುಕೊಟ್ಟರೆ ಸಾಕು. ಮೂವತ್ತರೊಳಗೆ ಪಡೆದರೆ ಅದು ನಲವತ್ತರವರೆಗೂ ನಡೆಯುತ್ತದೆ. ಅಂದರೆ ಬೆಂಗಳೂರಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಟ್ಯಾಕ್ಸಿ ಓಡಿಸುವ ಇಪ್ಪತ್ತೆರಡರ ಹುಡುಗ, ಕಾನೂನಿನ ಮಟ್ಟಿಗೆ, ಹದಿನೆಂಟು ವರ್ಷ ಯಾವ ವೈದ್ಯರ ಮುಖವನ್ನೂ ನೋಡದೆ ಇರಬಹುದು. 1939ರಲ್ಲಿ ಸಂಬಳದ ಚಾಲಕನನ್ನು ವೈದ್ಯರ ಬಳಿ ಕಳಿಸಿದ ಕಾನೂನು ಅಷ್ಟರ ಮಟ್ಟಿಗೆ ಹಿಂದೆ ಸರಿದಿದೆ.

ನಮ್ಮವರು ಗಮನಿಸಬೇಕಾದದ್ದು

ಇಲ್ಲಿ ದುಡಿಯುವ ಚಾಲಕರಿಗೆ ನಿಯಮಗಳ ಚರಿತ್ರೆಯಿಂದ ಕೆಲವು ನೇರ ಪ್ರಯೋಜನಗಳಿವೆ.

ಮೊದಲನೆಯದು ಊರಿನ ಲೈಸೆನ್ಸ್. ಒಮಾನಿನ ಕಾರ್ಡ್ ಇದ್ದ ಮೇಲೆ ಅದನ್ನು ಯಾರೂ ನೆನೆಯುವುದಿಲ್ಲ. ಅವಧಿ ಮುಗಿದು ಐದು ವರ್ಷದವರೆಗೂ ಪರೀಕ್ಷೆಯಿಲ್ಲದೆ ನವೀಕರಿಸಬಹುದಾಗಿದ್ದ ಹಳೆಯ ನಿಯಮ ಈಗಿಲ್ಲ. 2019ರ ತಿದ್ದುಪಡಿಯಂತೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅದನ್ನು ಮೀರಿದರೆ ಮತ್ತೆ ಓಡಿಸಿ ತೋರಿಸಿ ಪಾಸಾಗಬೇಕು. ಎರಡು ವರ್ಷಕ್ಕೊಮ್ಮೆ ರಜೆಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲು ಊರಿನ ಲೈಸೆನ್ಸಿನ ತಾರೀಖನ್ನು ನೋಡಿಕೊಳ್ಳಲಿ. ಇಲ್ಲಿನ ಕೆಲಸ ಮುಗಿಸಿ ಹೋದ ದಿನ ಊರಿನಲ್ಲಿ ಬಸ್ಸಿನ ಕೆಲಸ ಸಿಗುವುದೋ ಇಲ್ಲವೋ ಎಂಬುದು ಆ ತಾರೀಖಿನ ಮೇಲೆ ನಿಂತಿರಬಹುದು.

ಎರಡನೆಯದು ಸಕ್ಕರೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಪವಾಸ ಮಾಡುವವರು, ಅದು ರಂಜಾನ್ ಆಗಿರಲಿ, ಏಕಾದಶಿಯಾಗಿರಲಿ, ಸಂಜೆಯ ಹೊತ್ತಿಗೆ ಸ್ಟಿಯರಿಂಗ್ ಹಿಡಿಯುವ ಮುನ್ನ ಬೆರಳು ಚುಚ್ಚಿ ನೋಡಿಕೊಳ್ಳಬೇಕು. ಉಪವಾಸದ ದಿನಗಳಿಗೆ ಔಷಧಿಯ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಮಾತಾಡಿ ಬದಲಿಸಿಕೊಳ್ಳಬೇಕು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ಳಬೇಕು. ಉಪವಾಸ ಮುರಿಯಿತೆಂದು ಯೋಚಿಸುವ ಹೊತ್ತಲ್ಲ ಅದು.

ಮೂರನೆಯದು ನಿದ್ದೆ. ಇದಕ್ಕೆ ಕುಟುಂಬದವರ ಸಹಾಯ ಬೇಕು, ಏಕೆಂದರೆ ಗೊರಕೆ ಹೊಡೆಯುವವನಿಗೆ ಅದು ಕೇಳಿಸುವುದಿಲ್ಲ. ಜೋರಾದ ಗೊರಕೆ, ನಡುವೆ ಉಸಿರು ನಿಂತು ಗಕ್ಕನೆ ಏಳುವುದು, ಬೆಳಿಗ್ಗೆ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸಿ. ಕುಟುಂಬ ಊರಿನಲ್ಲಿದ್ದರೆ ಕೋಣೆಯ ಜೊತೆಗಾರರು ಹೇಳಲಿ. ಅದು ಚಾಡಿಯಲ್ಲ. ಇದಕ್ಕೆ ಚಿಕಿತ್ಸೆಯಿದೆ, ಚಿಕಿತ್ಸೆ ಪಡೆದವರು ಲಾರಿ ಓಡಿಸುತ್ತಿದ್ದಾರೆ.

ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವ ಮೇಜಿನ ಪಕ್ಕದಲ್ಲಿ ಚಾಲಕರಿಗೆಂದೇ ಒಂದು ಮೇಜು ಇಡೋಣ ಎಂಬುದು ನನ್ನ ಸಲಹೆ. ಅಲ್ಲಿ ನಂಬರ್ ಪ್ಲೇಟ್ ಓದಿಸುವುದರ ಜೊತೆಗೆ ನಾಲ್ಕು ಪ್ರಶ್ನೆ ಕೇಳೋಣ: ರಾತ್ರಿ ಎಷ್ಟು ಗಂಟೆ ಮಲಗುತ್ತೀರಿ, ಗೊರಕೆ ಇದೆಯೇ, ಹಗಲು ತೂಕಡಿಕೆ ಬರುತ್ತದೆಯೇ, ಕೊನೆಯ ಸಲ ಬಿಡುವು ತೆಗೆದುಕೊಂಡದ್ದು ಯಾವಾಗ. ಉತ್ತರ ಅವರಿಗೂ ವೈದ್ಯರಿಗೂ ಮಾತ್ರ ಗೊತ್ತಿರಲಿ, ಕಂಪನಿಗೆ ಹೋಗುವುದು ಬೇಡ. ಶುಕ್ರವಾರದ ಬೆಳಿಗ್ಗೆ ಇಟ್ಟುಕೊಂಡರೆ ಹೆಚ್ಚು ಜನ ಬರುತ್ತಾರೆ. ಮೇಜು, ಎರಡು ಕುರ್ಚಿ ಸಿಕ್ಕರೆ ಒಂದು ಕುರ್ಚಿಯಲ್ಲಿ ನಾನೇ ಕೂರುತ್ತೇನೆ.